ಮೂರನೆಯ ಕೂಗು

ಮದುವೆಯ ಎರಡನೆಯ ಕೂಗಿನ ಭಾನುವಾರ, ಹೆಸರು ಓದಲೆಂದು ಉಪದೇಶಿ ಸಮಾಧಾನಪ್ಪನವರು ಕನ್ನಡಕ ಏರಿಸಿಕೊಳ್ಳುತ್ತಿದ್ದಂತೆಯೇ ಗಿದ್ಯೋನನ ಬೆರಳ ತುದಿ ತಣ್ಣಗಾಯಿತು. ಅದು ಶುರುವಾಗುವುದೇ ಅಲ್ಲಿಂದ. ಬೆರಳು, ಆಮೇಲೆ ತುಟಿ, ಆಮೇಲೆ ಎದೆ. ಎದೆಯೊಳಗೆ ಮಂಕರಿಯಡಿ ಸಿಕ್ಕಿಕೊಂಡ ಕೋಳಿಯ ಬಡಿದಾಟ. ಎರಡು ನಿಮಿಷ ಕಳೆಯುವುದರೊಳಗೆ ಉಸಿರು ಗಂಟಲಿನಿಂದ ಕೆಳಗಿಳಿಯುವುದಿಲ್ಲ, ಸತ್ತೇಹೋಗುತ್ತೇನೆ ಎಂಬುದು ಖಾತ್ರಿಯಾಗುತ್ತದೆ. ಸಾಯುವುದಿಲ್ಲ. ಎರಡು ವರ್ಷದಲ್ಲಿ ನೂರು ಸಲ ಹೀಗೆ ಖಾತ್ರಿಯಾಗಿದೆ, ಒಂದು ಸಲವೂ ಸತ್ತಿಲ್ಲ. ಆದರೂ ನೂರೊಂದನೆಯ ಸಲ ಆ ಹಾಳು ದೇಹ ಅದೇ ಸುಳ್ಳನ್ನು ಹೊಸದೆಂಬಂತೆ ನಂಬುತ್ತದೆ. ಗಿದ್ಯೋನನಿಗೆ ಎಲ್ಲಕ್ಕಿಂತ ಮೊದಲು ಹೇಸಿಗೆಯಾಗುತ್ತಿದ್ದದ್ದು ತನ್ನ ದೇಹದ ಈ ಪೆದ್ದುತನಕ್ಕೆ.

ಹುಲಿ ಕಂಡು ಹೆದರಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಇವನಿಗೆ ಅದು ಮೊದಲು ಬಂದದ್ದು ಶಿಕಾರಿಪುರ ಬಸ್ ಸ್ಟ್ಯಾಂಡಿನ ಪಕ್ಕದ ಸೈಕಲ್ ಶಾಪಿನಲ್ಲಿ, ನಯಾಪೈಸೆ ಬಂದ ವರ್ಷ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಗಾಲಿಯ ವಾರೆ ತೆಗೆಯುತ್ತ ಕೂತಿದ್ದಾಗ. ಕಾರಣವಿರಲಿಲ್ಲ. ಸಾಲವಿಲ್ಲ, ಜಗಳವಿಲ್ಲ, ಜ್ವರವಿಲ್ಲ. ಅವತ್ತು ಅವನು ಮಾಡಿದ್ದು ಒಂದೇ: ಮುಂದಿನ ಗಾಲಿಗೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು, ಒಂದೊಂದು ಕಡ್ಡಿ ಮುಟ್ಟಿ ಒಂದೊಂದು ಸಲ ‘ಕರ್ತನೇ’ ಎಂದ. ಎರಡು ಗಾಲಿ ಮುಗಿಯುವ ಹೊತ್ತಿಗೆ ಅದು ಇಳಿಯಿತು. ಆವತ್ತಿನಿಂದ ಅದು ಬಂದಾಗಲೆಲ್ಲ, ಗಾಲಿ ಎದುರಿಗಿಲ್ಲದಿದ್ದರೂ, ಅವನು ಎಣಿಸುತ್ತಾನೆ. ದೇವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ದೇವರ ಪರವಾಗಿ ಮಾತಾಡುವವರ ಮೇಲೆ.

ಆ ಹನ್ನೊಂದು ಮನೆಯ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಎಲ್ಲರೆದುರು ಕೂಗಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳುವುದು ಪದ್ಧತಿ. ಎರಡು ಕೂಗು ಗಂಡಿನ ಊರಲ್ಲಿ. ಮೂರನೆಯದು ಹೆಣ್ಣಿನ ಊರಲ್ಲಿ, ಗಂಡು ಎದುರಿಗೆ ಕೂತಿರುವಾಗ. ಮೂರೂ ಆಗದೆ ಶಿವಮೊಗ್ಗದ ಪಾದ್ರಿ ದೊಡ್ಡ ಅಯ್ಯನವರು ಮದುವೆ ಮಾಡಿಸುವುದಿಲ್ಲ. ಹೆಣ್ಣು ಸೊರಬದ ದಾನಿಯೇಲಪ್ಪನ ಮಗಳು ರೂತಮ್ಮ. ಅಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಹೆಣ್ಣು ನೋಡಲು ಹೋದ ದಿನ ಗಿದ್ಯೋನ ಸುಮ್ಮನೆ ಕೂರಲಾರದೆ ದಾನಿಯೇಲಪ್ಪನ ಸೈಕಲ್ಲಿನ ಚೈನು ಸರಿಮಾಡಿದ್ದ. ಅವಳು ಕಾಫಿ ಲೋಟ ಕೈಗಿಟ್ಟು, “ಬ್ರೇಕು ಇನ್ನೂ ಹಿಡಿಯಲ್ಲ, ಅದನ್ನೂ ನೋಡಿ” ಎಂದಿದ್ದಳು. ನೋಡಿದರೆ ಹೌದು, ಹಿಡಿಯುತ್ತಿರಲಿಲ್ಲ. ಅವತ್ತೇ ಅವನು ತೀರ್ಮಾನ ಮಾಡಿದ್ದ, ಮದುವೆಯಾದರೆ ಇವಳನ್ನೇ ಎಂದು. ಎಂಟು ತಿಂಗಳಾಯಿತು, ಎದೆಯ ವಿಷಯವನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ.

ಈಗ ಚಾಪೆಯ ಮೇಲೆ ಕೂತಿದ್ದವನ ಮೊಣಕಾಲು ನೆಲಕ್ಕೆ ಟಕಟಕ ಬಡಿಯತೊಡಗಿದಾಗ ಅರ್ಧ ಸಭೆ ತಿರುಗಿ ನೋಡಿತು. ಹೆಂಗಸರ ಕಡೆಯಿಂದ ಅವನ ಸೋದರತ್ತೆ ಗುಡ್ಡಮ್ಮ ಎದ್ದಳು. ದೀಕ್ಷಾಸ್ನಾನದಲ್ಲಿ ಅವಳಿಗೆ ಹನ್ನಮ್ಮ ಎಂದು ಹೆಸರಿಟ್ಟಿದ್ದರು. ಊರಿಗೆ ಮಾತ್ರ ಗುಡ್ಡಮ್ಮನೇ. ಅವಳು ಓಡಿಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಜೋಡಿಸಿ, ಚಿಕ್ಕಂದಿನಲ್ಲಿ ತನ್ನ ಅಪ್ಪನೆದುರು ಹೇಗೆ ಕೇಳುತ್ತಿದ್ದಳೋ ಹಾಗೆಯೇ ಕೇಳಿಬಿಟ್ಟಳು.

“ಯಾರವ್ವ ನೀನು? ಯಾರ ಮ್ಯಾಲೆ ಸಿಟ್ಟಾಗಿ ಬಂದೀಯ? ಏನು ಬೇಕು ಹೇಳು, ಮಗನ್ನ ಬಿಡು.”

ಗಿದ್ಯೋನನ ತಾತ ಕೆರೆ ಏರಿಯ ಅಮ್ಮನನ್ನು ಮೈಮೇಲೆ ತಂದುಕೊಳ್ಳುತ್ತಿದ್ದವನು. ಅಪ್ಪ ಮಾಸ್ತಪ್ಪ ಅದೆಲ್ಲ ಬಿಟ್ಟು, ನೀರಿನಲ್ಲಿ ಮುಳುಗಿ ಮತ್ತಾಯನಾಗಿ ಎದ್ದು, ಮೂರು ವರ್ಷದ ಹಿಂದೆ ಸಭೆಯ ಹಿರಿಯನಾಗಿಯೇ ಸತ್ತ. ಮೂವತ್ತು ವರ್ಷದಲ್ಲಿ ಆ ಕೋಣೆಯೊಳಗೆ ಯಾರೂ ಆಡಿರದ ಮಾತು ಈಗ ಗೋಡೆಗೆ ತಾಗಿ ವಾಪಸು ಬಂತು. ಗುಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದಳು.

ಉಪದೇಶಿಗಳು ದಾಪುಗಾಲು ಹಾಕಿ ಬಂದು ಗಿದ್ಯೋನನ ನೆತ್ತಿಯ ಮೇಲೆ ಕೈಯೂರಿದರು. ಆ ಅಂಗೈಯಲ್ಲಿ ಸದಾ ಕೊಬ್ಬರಿಯೆಣ್ಣೆಯ ಜಿಡ್ಡು. “ಯಾರೇ ಆಗಿರು, ಕರ್ತನ ನಾಮದಲ್ಲಿ ಹೊರಡು” ಎಂದು ಅವರು ಗದರಿಸಿದರು. ಒಬ್ಬಳು ಅಮ್ಮನ ಹತ್ತಿರ ಮಾತಾಡಿದಳು, ಒಬ್ಬರು ದೆವ್ವದ ಹತ್ತಿರ ಮಾತಾಡಿದರು. ನಡುವೆ ಬೆವರುತ್ತ ಕೂತಿದ್ದ ಗಿದ್ಯೋನನನ್ನು ನೀರು ಬೇಕೇನೋ ಎಂದು ಒಬ್ಬರೂ ಕೇಳಲಿಲ್ಲ.

ಎರಡನೆಯ ಕೂಗು ಕೂಗಿ, ಆರಾಧನೆ ಮುಗಿಸಿದ ಮೇಲೆ ಉಪದೇಶಿಗಳು ಅವನನ್ನು ಅಂಗಳದ ನುಗ್ಗೆಮರದ ಕೆಳಗೆ ನಿಲ್ಲಿಸಿಕೊಂಡರು.

“ಜೇಬಿನಾಗೆ ಏನೈತೆ?”

“ಔಷಧಿ ರೀ.”

ಚಪ್ಪಟೆ ಬಾಟ್ಲಿ. ಪಕ್ಕದಲ್ಲಿ ಒಂದೊಂದು ಹೊತ್ತಿನ ಅಳತೆಗೆ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಕಾಗದದ ಪಟ್ಟಿ. ಉಪ್ಪುಪ್ಪಾದ ಕೆಂಪು ನೀರು. ಶಿವಮೊಗ್ಗದ ಡಾಕ್ಟರೊಬ್ಬರು ಎದೆಗೆ ನಳಿಗೆಯಿಟ್ಟು ನೋಡಿ, “ನಿನ್ನ ಎದೆ ಎತ್ತಿನ ಎದೆ ಕಣಯ್ಯ. ಇದು ಗಾಬರಿ ಕಾಯಿಲೆ, ನರದ್ದು. ಕುಡಿ, ಕೆಲಸ ಮಾಡು, ಸಾಯಲ್ಲ” ಎಂದು ಕೊಟ್ಟಿದ್ದರು. ಅದರಿಂದ ಕಾಯಿಲೆ ಹೋಗಿರಲಿಲ್ಲ. ದಿನಾ ಬರುತ್ತಿದ್ದದ್ದು ವಾರಕ್ಕೊಮ್ಮೆಗೆ ಇಳಿದಿತ್ತು. ಅಷ್ಟಾದರೂ ಇಳಿದದ್ದು ಅವನಿಗೆ ದೊಡ್ಡದಾಗಿತ್ತು.

“ವಿಶ್ವಾಸಿಗೆ ಗಾಬರಿ ಕಾಯಿಲೆ ಅಂತ ಒಂದಿಲ್ಲ,” ಎಂದರು ಉಪದೇಶಿಗಳು. “ಚಿಂತೆ ಬ್ಯಾಡ ಅಂತ ಸ್ವಾಮಿ ಹೇಳಿದ ಮ್ಯಾಲೂ ಚಿಂತೆ ಮಾಡಿದ್ರೆ ಅದು ಆಜ್ಞೆ ಮೀರಿದಂಗೆ.”

“ನಾ ಮಾಡಲ್ರೀ. ಅದು ಆಗ್ತೈತೆ. ನಿಮಗೆ ಸೀನು ಬರಲ್ವಾ, ಹಂಗೆ.”

“ಸೀನಿಗೆ ಅತ್ತೆ ಬಂದು ಅಮ್ಮನ್ನ ಕರೆಯಲ್ಲ. ನೋಡು, ಮುಂದಿನ ಭಾನುವಾರ ಸೊರಬದಾಗೆ ನೀನು ನಿಂತು ಸಾಕ್ಷಿ ಹೇಳ್ಬೇಕು. ದುರಾತ್ಮ ಬಿಟ್ಟು ಹೋತು ಅಂತ. ಹೇಳಿದ್ರೆ ಮೂರನೇ ಕೂಗು. ಇಲ್ಲಾಂದ್ರೆ ನಾನು ಪುಸ್ತಕ ತೆಗಿಯಲ್ಲ. ಹೆಣ್ಣಿನ ಕಡೆಯೋರಿಗೆ ಯಾಕೆ ಅಂತ ನೀನೇ ಹೇಳ್ಕ.”

ಗಿದ್ಯೋನ ಸಿಟ್ಟಿನವನು. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಬಾಗಿಲ ಹೊರಗೆ ಕೂರಿಸಿದ್ದಕ್ಕೆ ಸ್ಲೇಟು ಒಡೆದು ಬಂದವನು, ಮತ್ತೆ ಹೋಗಲಿಲ್ಲ. ಅಂಥವನು ಅವತ್ತು ಏನು ಮಾಡಿದ? ರೂತಮ್ಮ ಕೈತಪ್ಪುತ್ತಾಳೆಂದು ಮುಚ್ಚಳ ಬಿಚ್ಚಿ, ತನ್ನ ಕೈಯಾರೆ ಔಷಧಿಯನ್ನು ನುಗ್ಗೆಮರದ ಬುಡಕ್ಕೆ ಹುಯ್ದ. ಉಪದೇಶಿಗಳು ಸನ್ನೆ ಮಾಡಿದರು, ಹನ್ನೊಂದು ಮನೆಯವರು ಸುತ್ತ ನಿಂತು ಕೀರ್ತನೆ ಹಾಡಿದರು. ಖಾಲಿ ಬಾಟ್ಲಿಯನ್ನು ಉಪದೇಶಿಗಳು ಮನೆಗೆ ಒಯ್ದರು, ಸೀಮೆಎಣ್ಣೆಗೆ ಆಗುತ್ತದೆಂದು. ಗಿದ್ಯೋನ ಮನೆಗೆ ಬಂದು ಸೋಪು ಹಚ್ಚಿ ತಲೆ ತೊಳೆದುಕೊಂಡ. ಆ ಜಿಡ್ಡು ಹೋಯಿತು. ಬಾಟ್ಲಿ ಬಗ್ಗಿಸಿದ್ದು ತನ್ನದೇ ಕೈ ಎಂಬುದು ಹೋಗಲಿಲ್ಲ.

ಬುಧವಾರ ಶಾಪಿಗೆ ಬಂಗಾರಮ್ಮ ಬಂದಳು. ಹಳೆ ಕೇರಿಯ ಮುದುಕಿ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಿಂಬೆಹಣ್ಣು, ವೀಳ್ಯದೆಲೆ, ಕುಂಕುಮ. ಪಂಕ್ಚರ್ ನೋಡುವ ನೀರಿನ ಬಾಣಲೆಯ ಪಕ್ಕಕ್ಕೆ ಅದನ್ನಿಟ್ಟು ಕೈಮುಗಿದಳು.

“ಸೊಸಿ ತವರಿಗೆ ಹೋಗಿ ಮೂರು ತಿಂಗಳಾತು. ಬರ್ತಾಳೋ ಇಲ್ಲೋ, ಒಂದು ಮಾತು ಹೇಳವ್ವ.”

ಗಿದ್ಯೋನ ಸುತ್ತ ನೋಡಿದ. ಅಲ್ಲಿ ಬೇರೆ ಹೆಂಗಸು ಯಾರೂ ಇರಲಿಲ್ಲ. ‘ಅವ್ವ’ ತಾನೇ ಎಂದು ಗೊತ್ತಾಗುತ್ತಲೇ ಅವನು ಬಾಣಲೆಯನ್ನು ತಟ್ಟೆಯಿಂದ ದೂರ ಸರಿಸಿದ.

“ಅಜ್ಜಿ, ಯಾರೂ ಬಂದಿಲ್ಲ ನನ್ ಮ್ಯಾಲೆ. ಇದು ಕಾಯಿಲೆ.”

“ನಿಮ್ಮ ತಾತನೂ ಮೊದ್ಲು ಹಂಗೇ ಅಂದಿದ್ದ. ನಿಮ್ಮಪ್ಪ ಬಿಟ್ಟ, ಸರಿ. ಅವಳು ಬಿಡಬೇಕಲ್ಲ.”

“ಕಾಯಿಲೆ ಅಂದ್ನಲ್ಲ.”

“ಆತು, ಕಾಯಿಲೆನೇ ಅಂತಿಟ್ಕ. ಸೊಸಿ ಬರ್ತಾಳ?”

ಶಾಪಿನ ಧಣಿ ಪರಮಶಿವಪ್ಪ ಬೀಡಿ ಕಚ್ಚಿಕೊಂಡೇ ನಕ್ಕ. “ಏನಾದ್ರೂ ಒಂದು ಹೇಳಿ ಕಳಿಸೋ. ಪಂಕ್ಚರಿಗಿಂತ ಇದ್ರಾಗೆ ಗಿರಾಕಿ ಜಾಸ್ತಿ. ನಿಂಬೆಹಣ್ಣು ಶರಬತ್ತಿಗಾತು.”

ಗಿದ್ಯೋನ ತಟ್ಟೆಯನ್ನು ಮುದುಕಿಯ ಕೈಗೆ ವಾಪಸು ಇಟ್ಟು, “ಸೊಸಿನ ಕರ್ಕಂಡು ಬರಾಕೆ ನಿನ್ ಮಗನ್ನ ಕಳಿಸು” ಎಂದ. ಅಮ್ಮನೇ ಹೇಳಿದಳೆಂದು ಅವಳು ಕಣ್ಣಿಗೊತ್ತಿಕೊಂಡು ಹೋದಳು. ಆಗ ಅವನಿಗೆ ಸ್ಪಷ್ಟವಾಯಿತು. ಕೇರಿಯವರಿಗೂ ಅವನ ಮೈಮೇಲೆ ಯಾರಾದರೂ ಇರಬೇಕು, ಸಭೆಯವರಿಗೂ ಇರಬೇಕು. ಇದ್ದರೆ ಇವರು ಕರೆಯಬಹುದು, ಅವರು ಓಡಿಸಬಹುದು. ಬರೀ ಗಿದ್ಯೋನ, ಬರೀ ಅವನ ಎದೆ, ಎರಡು ಕಡೆಗೂ ಉಪಯೋಗಕ್ಕಿಲ್ಲದ ಸಾಮಾನು.

ಭಾನುವಾರ ಮಧ್ಯಾಹ್ನದ ಬಸ್ಸಿನಲ್ಲಿ ಉಪದೇಶಿಗಳು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಂತಾಗ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬೋಂಡ ಕಟ್ಟಿಸಿಕೊಂಡು ಬಂದರು. ತಿನ್ನುತ್ತಲೇ ಜೇಬಿನಿಂದ ಒಂದು ಹಾಳೆ ತೆಗೆದು ಅವನ ತೊಡೆಯ ಮೇಲಿಟ್ಟರು. ಸಾಕ್ಷಿಯನ್ನು ಅವರೇ ಬರೆದು ತಂದಿದ್ದರು, ಪೆನ್ಸಿಲಿನಲ್ಲಿ, ದುಂಡಗೆ. ಇಂಥ ದಿನ, ಇಂಥ ಗಂಟೆಗೆ, ನನ್ನ ಬಾಯಿಂದ ಕರಿಯ ಹೊಗೆಯಂಥದು ಹೊರಟು ಕಿಟಕಿಯಿಂದ ಹೋಯಿತು.

“ಕರಿ ಹೊಗೆ ಯಾಕ್ರೀ?”

“ಜನಕ್ಕೆ ಕಣ್ಣಿಗೆ ಕಟ್ಟಂಗಿರ್ಬೇಕು.”

“ಹೊಗೆ ಬಂದಿಲ್ಲಲ್ರೀ.”

“ಬಂದಿಲ್ಲ ಅಂತ ನಿಂಗೇನು ಗೊತ್ತು? ನಿಂಗೆ ಆಗ ಮೈಮ್ಯಾಲೆ ಖಬರು ಇರಲಿಲ್ಲ. ಇದು ತಿಂಗಳ ವರದಿಗೆ ಶಿವಮೊಗ್ಗಕ್ಕೆ ಹೋಗ್ತೈತೆ. ನಾನು ಈ ಎರಡು ಊರಾಗೆ ಹನ್ನೆರಡು ವರ್ಷದಿಂದ ದುಡೀತಿದೀನಿ, ವರದಿಯಾಗೆ ಬರಿಯಂಥದ್ದು ಒಂದೂ ಆಗಿಲ್ಲ.” ಹೇಳಿ, ಎಣ್ಣೆಯಾದ ಬೆರಳುಗಳನ್ನು ಒಂದೊಂದಾಗಿ ಆ ಹಾಳೆಯ ಅಂಚಿಗೇ ಒರೆಸಿದರು.

ಖಬರು ಇರಲಿಲ್ಲವಂತೆ. ಅದು ಬಂದಾಗ ಇರುವಷ್ಟು ಖಬರು ಬೇರೆ ಯಾವಾಗಲೂ ಇರುವುದಿಲ್ಲ. ಚಾಪೆಯ ಒಂದೊಂದು ಎಳೆ ಕಾಣುತ್ತದೆ, ಮೂರನೆಯ ಸಾಲಿನವನ ಹೊಟ್ಟೆಯ ಗುಡುಗುಡು ಕೇಳುತ್ತದೆ. ಗಿದ್ಯೋನ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಓದಿಬಿಡುತ್ತೇನೆ ಎಂದುಕೊಂಡ. ಐದು ನಿಮಿಷದ ಸುಳ್ಳು. ರೂತಮ್ಮ ಸಿಗುತ್ತಾಳೆ.

ಸೊರಬದಲ್ಲಿ ಸಭೆ ಸೇರುತ್ತಿದ್ದದ್ದು ದಾನಿಯೇಲಪ್ಪನ ಮನೆಗೆ ಹೊಂದಿದ ಹಂಚಿನ ಕೋಣೆಯಲ್ಲಿ. ದಾನಿಯೇಲಪ್ಪ ದನದ ಆಸ್ಪತ್ರೆಯಲ್ಲಿ ಜವಾನ. ಮಾತು ಕಡಿಮೆ, ಕೈ ದೊಡ್ಡದು. ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಹೆಂಗಸರ ಕಡೆ ಮೊದಲ ಸಾಲಿನಲ್ಲಿ ರೂತಮ್ಮ ನೀಲಿ ಸೀರೆಯಲ್ಲಿ ಕೂತಿದ್ದಳು. ಕೀರ್ತನೆ ಆಯಿತು, ಪ್ರಾರ್ಥನೆ ಆಯಿತು. “ಈಗ ನಮ್ಮ ಸಹೋದರ ಒಂದು ಸಾಕ್ಷಿ ಹೇಳುತ್ತಾನೆ” ಎಂದು ಉಪದೇಶಿಗಳು ಕಣ್ಣಲ್ಲೇ ಅವನನ್ನು ಎಬ್ಬಿಸಿದರು.

ಗಿದ್ಯೋನ ನಿಂತ. ಹಾಳೆ ಬಿಚ್ಚಿದ. “ನಾನು, ಶಿಕಾರಿಪುರ ಸಭೆಯ ಗಿದ್ಯೋನ, ದುರಾತ್ಮದ ಕಾಟದಿಂದ...” ಅಷ್ಟರಲ್ಲಿ ಬೆರಳ ತುದಿ ತಣ್ಣಗಾಯಿತು. ಒಂದು ವಾರ ಔಷಧಿಯಿಲ್ಲದ ಮೈ; ಅದು ದಾರಿ ಕಾಯುತ್ತಲೇ ಇತ್ತೇನೋ. ತುಟಿ. ಎದೆ. ಹಾಳೆ ಪಟಪಟ ಅಲ್ಲಾಡತೊಡಗಿತು. ಎಣ್ಣೆಯಂಚಿನ ಆ ಕಾಗದ, ಆ ದುಂಡಕ್ಷರ, ಆ ಕರಿ ಹೊಗೆ. ಒಂದು ಕ್ಷಣ ಅವನಿಗೆ ಭಯಕ್ಕಿಂತ ವಾಕರಿಕೆಯೇ ಹೆಚ್ಚಾಯಿತು.

“ಬಿಟ್ಟು ಹೋಗಿಲ್ಲ,” ಎಂದ. “ಈಗ ಬರ್ತಾ ಐತೆ. ನೋಡ್ರಿ ಕೈ.” ಕೈ ಚಾಚಿ ತೋರಿಸಿದ. “ದೆವ್ವ ಅಲ್ಲ. ಅಮ್ಮ ಅಲ್ಲ. ನಂದೇ ಮೈ ಹಿಂಗೆ. ನಾ ಪ್ರಾರ್ಥನೆ ಮಾಡ್ತೀನಿ, ಆದ್ರೂ ಬರ್ತೈತೆ. ಬಂದಾಗಲೂ ಮಾಡ್ತೀನಿ.” ಹಾಳೆಯನ್ನು ಜೇಬಿಗೆ ತುರುಕಿದ. ಗೋಡೆಗೆ ಒರಗಿ ಕೂತ. ಕಣ್ಣು ಮುಚ್ಚಿ ಮುಂದಿನ ಗಾಲಿಯಿಂದ ಶುರುಮಾಡಿದ.

ಉಪದೇಶಿಗಳು ಒಂದು ಗಳಿಗೆಯೂ ತಡಮಾಡಲಿಲ್ಲ. “ನೋಡಿದಿರಾ? ದುರಾತ್ಮ ಹೊರಡುವಾಗ ಹೀಗೇ ಹಟ ಮಾಡುತ್ತದೆ. ಅವನ ಬಾಯಲ್ಲಿ ಅದೇ ಮಾತಾಡಿದ್ದು. ಹಾಡ್ರಿ ಎಲ್ಲರೂ.” ಜಿಡ್ಡಿನ ಕೈ ನೆತ್ತಿಗೆ ಬಂತು, ಈ ಸಲ ಮೆಣಸಿನಕಾಯಿಯ ಘಾಟಿನ ಜೊತೆ. ಜನ ಎದ್ದು ನಿಂತು ಹಾಡಿದರು. ಹತ್ತು ಚರಣ ಹಾಡಿ ಮೊದಲಿನಿಂದ ಮತ್ತೆ ಹಿಡಿದರು. ಗಿದ್ಯೋನ ಎರಡೂ ಗಾಲಿ ಮುಗಿಸಿ ಮತ್ತೊಂದು ಸೈಕಲ್ಲಿಗೆ ಹೋದ. ಯಾವಾಗಲೂ ಇಳಿಯುವ ಹೊತ್ತಿಗೆ, ಯಾವಾಗಲೂ ಇಳಿಯುವ ಹಾಗೆಯೇ, ಅದು ಇಳಿಯಿತು. ನಡುಕ ನಿಂತಿತು.

“ಬಿಟ್ಟಿತು,” ಎಂದು ಉಪದೇಶಿಗಳು ಕೈ ತೆಗೆದರು. “ಹತ್ತಾರು ಜನರ ಕಣ್ಣೆದುರಿಗೇ ಬಿಟ್ಟಿತು.” ಒಬ್ಬ ಮುದುಕ ಕಣ್ಣೊರೆಸಿಕೊಂಡ. ಯಾರೋ ಗಿದ್ಯೋನನ ಬೆನ್ನು ತಟ್ಟಿದರು. ಅವನು ಹೇಳಿದ್ದ ಮಾತು ಇಷ್ಟು ಜನರ ಬಾಯೊಳಗೆ ಹೋಗಿ, ಅಗಿದು, ಬೇರೆಯೇ ಆಗಿ ಹೊರಬಂದಿತ್ತು.

ಉಪದೇಶಿಗಳು ಆಗಲೇ ಪುಸ್ತಕ ತೆಗೆದಿದ್ದರು. ದನಿ ಏರಿಸಿ ಕೂಗಿದರು: ಶಿಕಾರಿಪುರ ಸಭೆಯ ದಿವಂಗತ ಮತ್ತಾಯ ಮಾಸ್ತಪ್ಪನವರ ಮಗ ಗಿದ್ಯೋನನಿಗೂ ಸೊರಬ ಸಭೆಯ ದಾನಿಯೇಲಪ್ಪನವರ ಮಗಳು ರೂತಮ್ಮನಿಗೂ ವಿವಾಹ ಗೊತ್ತಾಗಿದೆ, ಇದು ಮೂರನೆಯ ಮತ್ತು ಕಡೆಯ ಕೂಗು, ಯಾರಿಗಾದರೂ ತಕರಾರು ಇದ್ದರೆ ಈಗ ಹೇಳತಕ್ಕದ್ದು.

ಮೂರು ಉಸಿರಿನಷ್ಟು ಹೊತ್ತು ಸುಮ್ಮನಿರುವುದು ಪದ್ಧತಿ. ಗಿದ್ಯೋನ ಮಾಡಬೇಕಾದದ್ದೂ ಅಷ್ಟೇ, ಸುಮ್ಮನಿರುವುದು. ಸುಳ್ಳನ್ನು ಅವನು ಹೇಳಿಯೂ ಇರಲಿಲ್ಲ, ಬೇರೆಯವರೇ ಹೇಳಿ ಮುಗಿಸಿದ್ದರು. ಒಂದು ಉಸಿರು ಕಳೆಯಿತು. ಅವನು ಹೆಂಗಸರ ಕಡೆ ನೋಡಿದ. ರೂತಮ್ಮ ಹಾಡುವಾಗಲೂ ಎದ್ದಿರಲಿಲ್ಲ. ಅವಳು ನೋಡುತ್ತಿದ್ದದ್ದು ಅವನ ಕೈಯನ್ನು. ಎರಡನೆಯ ಉಸಿರು. ನಾಳೆ ಮದುವೆಯಾಗಿ, ಒಂದು ಬೆಳಿಗ್ಗೆ ಒಲೆ ಮುಂದೆ ಬೆರಳು ತಣ್ಣಗಾದರೆ ಇವಳು ಯಾರನ್ನು ಕೂಗಬೇಕು?

“ನಂದೊಂದು ತಕರಾರು ಐತೆ,” ಎಂದ ಗಿದ್ಯೋನ.

ಉಪದೇಶಿಗಳ ಕನ್ನಡಕ ಮೂಗಿನ ತುದಿಗೆ ಜಾರಿತು. “ನೀನು ಗಂಡು ಕಣೋ.”

“ಅದಕ್ಕೇ ಹೇಳ್ತಿದೀನಿ. ನೀವು ಕೂಗಿದ್ದು ಕಾಯಿಲೆ ಬಿಟ್ಟೋನ್ನ. ಅಂಥೋನು ಇಲ್ಲಿ ಬಂದಿಲ್ಲ. ಇದು ಮುಂದಿನ ವಾರನೂ ಬರ್ತೈತೆ. ಇಂಥೋನು ಅಂತ ಗೊತ್ತಾದ ಮ್ಯಾಲೂ ಹೆಣ್ಣು ಕೊಡೋರಿದ್ರೆ ಕೂಗ್ರಿ. ಇಲ್ಲಾಂದ್ರೆ ಬ್ಯಾಡ.”

ಉಪದೇಶಿಗಳು ಪುಸ್ತಕವನ್ನು ಪಟ್ಟನೆ ಮುಚ್ಚಿ, “ತಕರಾರು ಬಂತು, ಕೂಗು ನಿಂತಿತು” ಎಂದು ಆಶೀರ್ವಚನವನ್ನೂ ಹೇಳದೆ ಹೊರಟರು. ಬೆನ್ನು ತಟ್ಟಿದ್ದವನು ತನ್ನ ಕೈಯನ್ನು ಪಂಚೆಗೆ ಒರೆಸಿಕೊಂಡದ್ದನ್ನು ಗಿದ್ಯೋನ ನೋಡಿದ.

ಅಂಗಳದಲ್ಲಿ ಅವನು ಚಪ್ಪಲಿ ಹುಡುಕುತ್ತಿದ್ದಾಗ ದಾನಿಯೇಲಪ್ಪ ಬಂದು ಎದುರಿಗೆ ನಿಂತ. ಹಿಂದೆ ರೂತಮ್ಮ.

“ಎಂಥ ಮಾರಾಯ ನೀನು,” ಎಂದ ದಾನಿಯೇಲಪ್ಪ. “ತನ್ನ ಕೂಗಿಗೆ ತಾನೇ ತಕರಾರು ಎತ್ತಿದ ಗಂಡನ್ನ ನಾ ನೋಡಿರ್ಲಿಲ್ಲ.”

ಕೇಳಿದ್ದು ರೂತಮ್ಮ. “ಎಷ್ಟು ಹೊತ್ತು ಇರ್ತದೆ ಅದು?”

“ಒಂದು ಪಂಕ್ಚರ್ ಹಾಕೋಷ್ಟು. ಇಪ್ಪತ್ತು ನಿಮಿಷ.”

“ಸೈಕಲ್ ಮೇಲಿದ್ದಾಗ ಬಂದ್ರೆ?”

“ಇಳಿದು ಕೂತ್ಕಂತೀನಿ.”

“ಹಿಂದೆ ನಾನಿದ್ರೆ?”

“ನಿನ್ನೂ ಇಳಿಸ್ತೀನಿ.”

ಅವಳು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಂತಿತ್ತು. ಆಮೇಲೆ ಅವಳ ಮುಖ ಬಿಗಿಯಿತು. “ಎಂಟು ತಿಂಗಳಾಯ್ತು. ನಮ್ಮನೆಗೆ ಮೂರು ಸಲ ಬಂದಿದ್ರಿ. ಚೈನಿನ ವಿಷಯ ಹೇಳಿದ್ರಿ, ಟೈರಿನ ವಿಷಯ ಹೇಳಿದ್ರಿ. ಇದನ್ನ ಹೇಳ್ಲಿಲ್ಲ.”

“ಹೆದರಿಕೆ ಆತು.”

“ಅದು ಬೇರೆ ಹೆದರಿಕೆ. ಅದಕ್ಕೆ ಔಷಧಿ ಇಲ್ಲ.” ಅವಳು ತಡೆದು ಕೇಳಿದಳು. “ಇದಕ್ಕೆ ಇದೆಯಾ?”

“ಇತ್ತು. ಚೆಲ್ಲಿ ಹೋತು.”

“ಬೇರೆ ತಗೊಂಡು ಬನ್ನಿ. ಬರುವಾಗ ಬಾಟ್ಲಿ ಜೊತೆಗೇ ತನ್ನಿ, ನಾ ನೋಡ್ಬೇಕು.” ಹೇಳಿ ಒಳಗೆ ಹೋದಳು. ನಕ್ಕಿರಲಿಲ್ಲ.

ದಾನಿಯೇಲಪ್ಪ ಗಡ್ಡ ಕೆರೆದುಕೊಂಡ. “ಉಪದೇಶಿ ಕೂಗದಿದ್ರೆ ಬೇಡ. ದೊಡ್ಡ ಅಯ್ಯನೋರು ಬರೋ ತಿಂಗಳು ಬರ್ತಾರೆ, ಅವರೇ ಕೂಗ್ಲಿ. ನಾ ಕಾಗದ ಹಾಕ್ತೀನಿ. ಆದ್ರೆ ಮಾರಾಯ, ಆವತ್ತು ಮಾತಾಡಬೇಡ. ಸುಮ್ನೆ ಕೂತು ನಡುಗು, ಸಾಕು.”

ಸಂಜೆಯ ಬಸ್ಸಿನಲ್ಲಿ ಉಪದೇಶಿಗಳು ಮುಂದಿನ ಸೀಟಿನಲ್ಲಿದ್ದರು. ಬಸ್ಸು ತುಂಬಿತ್ತು, ಖಾಲಿ ಇದ್ದ ಜಾಗ ಅವರ ಪಕ್ಕದ್ದೊಂದೇ. ಗಿದ್ಯೋನ ಕೂತ. ಊರು ದಾಟುತ್ತಲೇ ಅವರು ಕೈ ಚಾಚಿದರು.

“ಆ ಹಾಳೆ ಕೊಡು.”

“ಯಾಕ್ರೀ?”

“ವರದಿಗೆ. ನೀನು ನಡುಗಿದ್ದು ನಿಜ, ನಿಂತಿದ್ದೂ ನಿಜ, ಎಲ್ಲರೂ ನೋಡ್ಯಾರೆ. ಆಮೇಲೆ ನೀನು ಬೊಗಳಿದ್ದು ಶಿವಮೊಗ್ಗಕ್ಕೆ ಬೇಕಾಗಿಲ್ಲ. ಕೆಳಗೆ ಒಂದು ಸಹಿ ಹಾಕು, ಉಳಿದಿದ್ದು ನಾ ನೋಡ್ಕಂತೀನಿ. ಕೂಗಿನ ವಿಷಯನೂ ನೋಡ್ಕಂತೀನಿ.”

ಗಿದ್ಯೋನ ಅವರ ಮುಖ ನೋಡಿದ. ಮೀಸೆಯ ಮೂಲೆಯಲ್ಲಿ ಒಂದು ಮಂಡಕ್ಕಿ ಕಾಳು ಮಧ್ಯಾಹ್ನದಿಂದ ಹಾಗೆಯೇ ಅಂಟಿಕೊಂಡಿತ್ತು. ಸಾಕ್ಷಿಯ ಹೊತ್ತಿನಲ್ಲೂ, ಕೂಗಿನ ಹೊತ್ತಿನಲ್ಲೂ ಅದು ಅಲ್ಲೇ ಇದ್ದಿರಬೇಕು. ಅವನು ಜೇಬಿನಿಂದ ಹಾಳೆ ತೆಗೆದು ಮಂಡಿಯ ಮೇಲೆ ಸಾಪು ಮಾಡಿದ.

“ಪೆನ್ಸಿಲ್ ಕೊಡ್ರಿ.”

ಸಹಿಗೆಂದು ಅವರು ಸಂತೋಷದಿಂದಲೇ ಕೊಟ್ಟರು. ಗಿದ್ಯೋನ ಹಾಳೆಯನ್ನು ಮಗುಚಿ, ಖಾಲಿ ಇದ್ದ ಬೆನ್ನ ಕಡೆ ಬರೆಯತೊಡಗಿದ. ಐದನೇ ಕ್ಲಾಸಿನ ಕೈಬರಹ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅಕ್ಷರ ಸಾಲು ಬಿಟ್ಟು ಓಡುತ್ತಿತ್ತು. ‘ಡಾಕ್ಟರ್ ಸಾಹೇಬರಿಗೆ ಶಿಕಾರಿಪುರದ ಗಿದ್ಯೋನನ ನಮಸ್ಕಾರ. ತಾವು ಕೊಟ್ಟ ಔಷಧಿ ಚೆಲ್ಲಿ ಹೋಯಿತು.’

ಅಲ್ಲಿಗೆ ನಿಲ್ಲಿಸಿ ಓದಿಕೊಂಡ. ‘ಚೆಲ್ಲಿ ಹೋಯಿತು’ ಎಂಬುದರ ಮೇಲೆ ಅಡ್ಡಗೆರೆ ಎಳೆದು, ಮೇಲೆ ಬರೆದ: ‘ನಾನೇ ಚೆಲ್ಲಿದೆ. ಇನ್ನೊಂದು ಬಾಟ್ಲಿ ಬೇಕು.’